ಮಗಳು ಯಾವ ಕಾಲೇಜು?

ಮಾರ್ಚ್ ಕಳೆದು ಏಪ್ರಿಲ್ ಬಂತೆಂದರೆ ಕ್ಯಾಲಿಫೋರ್ನಿಯಾದ ಫ್ರಿಮಾಂಟಿನ ನಮ್ಮ ಕನ್ನಡದವರ ಮನೆಗಳಲ್ಲಿ ಬೇರೆ ಮಾತೇ ಇಲ್ಲ. ಯಾರ ಮಗನಿಗೆ ಬರ್ಕ್ಲಿ ಸಿಕ್ಕಿತು, ಯಾರ ಮಗಳಿಗೆ ಯುಸಿಎಲ್‌ಎ ಆಯಿತು, ಯಾರದು ಇನ್ನೂ ವೇಟ್‌ಲಿಸ್ಟಿನಲ್ಲಿದೆ. ಯುಗಾದಿ ಕಾರ್ಯಕ್ರಮಕ್ಕೆ ಹೋದರೆ ಬೇವುಬೆಲ್ಲ ಬಾಯಿಗೆ ಬೀಳುವ ಮೊದಲೇ ಆ ಪ್ರಶ್ನೆ ಬೀಳುತ್ತದೆ. ಈ ಸಲ ನಮ್ಮ ಪಕ್ಕದ ಮನೆಯವಳು ಯುಗಾದಿಗೆ ಬರಲೇ ಇಲ್ಲ. ಕೇಳಿದ್ದಕ್ಕೆ ತಲೆನೋವು ಅಂದಳು. ನಿಜವಾದ ಕಾರಣ ಆಮೇಲೆ ಹಿತ್ತಿಲ ಬೇಲಿಯ ಹತ್ತಿರ ಹೊರಬಿತ್ತು.

ಅವಳು ತುಮಕೂರಿನ ಕಡೆಯವಳು, ನಾನು ಹಾಸನದವಳು. ನನಗಿಂತ ಚಿಕ್ಕವಳು, ಪಕ್ಕದ ಮನೆಗೆ ಬಂದ ಹೊಸದರಲ್ಲೇ ಅಕ್ಕ ಅಂತ ಕರೆದಳು, ನಾನೂ ನೀನು ಅಂತಲೇ ಮಾತಾಡಿಸುತ್ತೇನೆ. ಕರಿಬೇವು ಅವಳ ಕಡೆ, ನಿಂಬೆಗಿಡ ನಮ್ಮ ಕಡೆ. ಒಗ್ಗರಣೆಯ ಹೊತ್ತಿಗೆ ಕೈ ಚಾಚುವುದು, ಹಾಗೇ ನಿಂತು ಮಾತಿಗಿಳಿಯುವುದು ಮಾಮೂಲು.

"ಮಗಳು ಕಮ್ಯುನಿಟಿ ಕಾಲೇಜಿಗೆ ಹೋಗ್ತೀನಿ ಅಂತ ಕೂತಿದಾಳೆ ಅಕ್ಕಾ. ಚಿಕ್ಕವಳಿದ್ದಾಗಿನಿಂದ ಡಾಕ್ಟರಾಗ್ತೀನಿ ಅಂತಿದ್ದವಳು. ಬೇಕಾಗಿದ್ದ ಯೂನಿವರ್ಸಿಟಿ ಒಂದೂ ಸಿಗಲಿಲ್ಲ. ಊರಲ್ಲಿ ನಮ್ಮತ್ತೆ ದಿನಾ ಫೋನ್ ಮಾಡಿ ಮಗು ಯಾವ ಕಾಲೇಜು ಅಂತ ಕೇಳ್ತಾರೆ. ನಾನು ಇನ್ನೂ ರಿಸಲ್ಟ್ ಬಂದಿಲ್ಲ ಅಂತ ಹೇಳ್ಕೊಂಡು ಬರ್ತಿದೀನಿ."

ನಾನು ಒಂದು ಕಮ್ಯುನಿಟಿ ಕಾಲೇಜಿನ, ಅಂದರೆ ಡಿಗ್ರಿಯ ಮೊದಲ ಎರಡು ವರ್ಷ ಕಲಿಸುವ ಕಾಲೇಜಿನ, ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಆಸಿಡ್ಡು ಬೇಸುಗಳನ್ನು ಲೆಕ್ಕಕ್ಕೆ ಸರಿಯಾಗಿ ಕಲಸಿಡುವುದು, ಬ್ಯುರೆಟ್ಟು, ಪಿಪೆಟ್ಟುಗಳನ್ನು ಎಣಿಸಿ ಕೊಡುವುದು, ಸಂಜೆ ಎಲ್ಲ ತಿರುಗಿ ಎತ್ತಿಡುವುದು. ಹಾಗಾಗಿ ಈ ವಿಷಯದಲ್ಲಿ ನನಗೆ ಸುಮ್ಮನಿರುವುದು ಆಗುವುದಿಲ್ಲ.

"ಅತ್ತೆಗೆ ನಿಜ ಹೇಳು," ಅಂದೆ. "ಮುಚ್ಚಿಡೋಕೆ ಅದರಲ್ಲೇನಿದೆ?"

ಮುಚ್ಚಿಡುವಂಥದ್ದು ಇದೆ ಎಂದು ನಮ್ಮವರು ಅಂದುಕೊಳ್ಳುವುದಕ್ಕೆ ಕಾರಣವೂ ಇದೆ. ನಾವೆಲ್ಲ ಬೆಳೆದದ್ದು ಒಂದೇ ಬಾಗಿಲಿನ ಲೆಕ್ಕದಲ್ಲಿ. ಎರಡನೇ ಪಿಯುಸಿ ಮುಗಿಯಿತು, ಆಗ ಸಿಇಟಿ, ಈಗ ನೀಟ್. ಸೀಟು ಸಿಕ್ಕಿತೋ ಹದಿನೆಂಟಕ್ಕೇ ವೈಟ್ ಕೋಟು, ಇಂಟರ್ನ್‌ಶಿಪ್ಪೂ ಸೇರಿ ಐದೂವರೆ ವರ್ಷಕ್ಕೆ ಎಂಬಿಬಿಎಸ್. ಸಿಗಲಿಲ್ಲವೋ, ಮುಗಿಯಿತು. ಆ ಲೆಕ್ಕವನ್ನೇ ಇಲ್ಲಿಗೂ ಹೊತ್ತು ತಂದಿದ್ದೇವೆ. ಆದರೆ ಅಮೆರಿಕದಲ್ಲಿ ಹದಿನೆಂಟಕ್ಕೆ ಡಾಕ್ಟರಾಗುವ ಬಾಗಿಲು ಹೆಚ್ಚುಕಡಿಮೆ ಯಾರಿಗೂ ತೆರೆದಿರುವುದಿಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಅದಾದ ಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲು, ಆಮೇಲೆ ಮೂರರಿಂದ ಏಳು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಅಷ್ಟು ಉದ್ದದ ದಾರಿಯಲ್ಲಿ ಮೊದಲ ಎರಡು ವರ್ಷ ಎಲ್ಲಿ ಕೂತು ಓದಿದೆ ಅನ್ನುವುದಕ್ಕೆ ಇಷ್ಟೊಂದು ಸಂಕಟಪಡಬೇಕೇ?

"ಆದರೂ ಅಕ್ಕಾ, ಅದು ಯಾರು ಹೋದರೂ ಸೇರಿಸಿಕೊಳ್ಳೋ ಕಾಲೇಜಲ್ವಾ?"

ಹೌದು, ಯಾರು ಹೋದರೂ ಸೇರಿಸಿಕೊಳ್ಳುತ್ತದೆ. ಅದಕ್ಕೇ ನನಗೆ ಅದರ ಮೇಲೆ ಗೌರವ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಹೈಸ್ಕೂಲಿನ ಜೊತೆಗೇ ಕಾಲೇಜಿನ ಮೊದಲ ಎರಡು ವರ್ಷ ಕಲಿಸುವ ಏರ್ಪಾಡು ಶುರುವಾಯಿತು. ದೂರದ ಯೂನಿವರ್ಸಿಟಿಗೆ ಹೋಗಲಾಗದ ಮಕ್ಕಳು ಊರಲ್ಲೇ ಓದಲಿ ಅಂತ. ಈ ದೇಶದ ಮೊದಲ ಸರ್ಕಾರಿ ಜೂನಿಯರ್ ಕಾಲೇಜು, ಈಗಿನ ಮಾತಿನಲ್ಲಿ ಕಮ್ಯುನಿಟಿ ಕಾಲೇಜು, ಅದು. ಕ್ಯಾಲಿಫೋರ್ನಿಯಾದಲ್ಲಿ 1960ರ ಮಾಸ್ಟರ್ ಪ್ಲ್ಯಾನ್ ಅದನ್ನೇ ದೊಡ್ಡದಾಗಿ ಮಾಡಿತು: ಹೈಸ್ಕೂಲಿನಲ್ಲಿ ಮುಂದಿರುವ ಎಂಟನೇ ಒಂದು ಭಾಗದವರಿಗೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಮೂರನೇ ಒಂದು ಭಾಗದವರಿಗೆ ಸ್ಟೇಟ್ ಯೂನಿವರ್ಸಿಟಿ, ಕಮ್ಯುನಿಟಿ ಕಾಲೇಜು ಮಾತ್ರ ಎಲ್ಲರಿಗೂ; ಅಲ್ಲಿ ಚೆನ್ನಾಗಿ ಓದಿದವರು ಮೂರನೇ ವರ್ಷಕ್ಕೆ ಯೂನಿವರ್ಸಿಟಿಗೆ ಹೋಗಬೇಕು. ಈಗ ರಾಜ್ಯದಲ್ಲಿ ಅಂಥ 116 ಕಾಲೇಜುಗಳಿವೆ. ಇಬ್ಬರು ಹೊಸಬರನ್ನು ತೆಗೆದುಕೊಂಡರೆ ಒಬ್ಬ ಟ್ರಾನ್ಸ್‌ಫರ್ ವಿದ್ಯಾರ್ಥಿಯನ್ನೂ ತೆಗೆದುಕೊಳ್ಳಬೇಕು ಅನ್ನುವುದು ಯುಸಿ ತಾನೇ ಹಾಕಿಕೊಂಡಿರುವ ಗುರಿ. ಹಿಂಬಾಗಿಲಿನಿಂದ ನುಸುಳಿ ಹೋಗುವುದಲ್ಲ ಇದು, ಕಟ್ಟಡ ಕಟ್ಟುವಾಗಲೇ ಇಟ್ಟ ಬಾಗಿಲು.

ದುಡ್ಡಿನ ಮಾತನ್ನೂ ಆಡಿಬಿಡೋಣ. ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯದ ನಿವಾಸಿಗಳಿಗೆ ಫೀಸು ಯೂನಿಟ್ಟಿಗೆ, ಅಂದರೆ ಕ್ರೆಡಿಟ್ಟಿಗೆ, 46 ಡಾಲರ್. ವರ್ಷಕ್ಕೆ 30 ಯೂನಿಟ್ ಹಿಡಿದರೂ 1,380 ಡಾಲರ್. ಮೊದಲ ಸಲ ಕಾಲೇಜು ಸೇರಿ ಫುಲ್ ಟೈಮ್ ಓದುವವರಿಗೆ ಎಷ್ಟೋ ಕಾಲೇಜುಗಳು ಎರಡು ವರ್ಷ ಅದನ್ನೂ ಬಿಟ್ಟುಬಿಡುತ್ತವೆ. ಯುಸಿಯಲ್ಲಾದರೆ ಫೀಸೇ ವರ್ಷಕ್ಕೆ ಹದಿನಾಲ್ಕು ಸಾವಿರದ ಮೇಲೆ, ಹಾಸ್ಟೆಲು ಊಟ ಬೇರೆ. ಮುಂದೆ ಮೆಡಿಕಲ್ ಸ್ಕೂಲಿಗೆ ಸಾಲ ಮಾಡಿದವರು ಹೊರಬರುವಾಗ ತಲೆಯ ಮೇಲೆ ಸಾಮಾನ್ಯವಾಗಿ ಎರಡು ಲಕ್ಷ ಡಾಲರ್ ಆಸುಪಾಸು ಇರುತ್ತದೆ. ಆ ಸಾಲ ಬರುವುದು ಗೊತ್ತಿದ್ದೂ ಮೊದಲ ಎರಡು ವರ್ಷಕ್ಕೇ ಇನ್ನೊಂದು ಸಾಲ ಏರಿಸಿಕೊಳ್ಳುವುದು ಯಾಕೆ?

ಅವಳ ಗಂಡನ ಮನಸ್ಸಿನಲ್ಲಿ ಇನ್ನೊಂದಿತ್ತು. ಮಗಳನ್ನು ಊರಿಗೆ ಕಳಿಸಿ ಎನ್‌ಆರ್‌ಐ ಕೋಟಾದಲ್ಲಿ ಎಂಬಿಬಿಎಸ್ ಓದಿಸಿಬಿಡೋಣ ಅಂತ. ಹಾಗೆ ಓದಿ ಬಂದು ಇಲ್ಲಿ ಒಳ್ಳೆಯ ಡಾಕ್ಟರಾದವರು ಎಷ್ಟೋ ಜನ ಇದ್ದಾರೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದಕ್ಕೂ ನೀಟ್ ಬರೆಯಬೇಕು, ಲಕ್ಷಗಟ್ಟಲೆ ಸುರಿಯಬೇಕು, ವಾಪಸ್ ಬಂದರೆ ಇಲ್ಲಿನ ಡಾಕ್ಟರ್ ಲೈಸೆನ್ಸಿಗೆ ಬೇಕಾದ ಯುಎಸ್‌ಎಂಎಲ್‌ಇ ಪರೀಕ್ಷೆ, ರೆಸಿಡೆನ್ಸಿಗೆ ಹೊರದೇಶದಲ್ಲಿ ಓದಿದವರ ಸಾಲಿನಲ್ಲಿ ನಿಂತು ಕಾಯಬೇಕು. ಅಲ್ಲೇ ಉಳಿದು ಅಲ್ಲೇ ಡಾಕ್ಟರಾಗುತ್ತೇನೆ ಅನ್ನುವ ಮಗುವಿಗೆ ಸರಿ. ಕಮ್ಯುನಿಟಿ ಕಾಲೇಜು ಅಂತ ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗಿ ಮಗುವನ್ನು ಸಮುದ್ರ ದಾಟಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

"ಅಲ್ಲಿ ಪಾಠ ಚೆನ್ನಾಗಿರುತ್ತಾ ಅಕ್ಕಾ?" ಅಂತ ಕೇಳಿದಳು. ಅವಳ ದನಿಯಲ್ಲಿ ಮೊದಲಿನ ಮುಜುಗರ ಹೋಗಿ ಈಗ ತಿಳಿದುಕೊಳ್ಳುವ ಆಸೆ ಬಂದಿತ್ತು.

ಅವಳಿಗೆ ನಮ್ಮ ಸಂಜೆಯ ಲ್ಯಾಬನ್ನು ತೋರಿಸಬೇಕಿತ್ತು. ಆರು ಗಂಟೆಗೆ ಶುರು. ಇಪ್ಪತ್ತನಾಲ್ಕು ಜನ. ಹಗಲೆಲ್ಲ ಔಷಧಿ ಅಂಗಡಿಯಲ್ಲಿ ನಿಂತು ದುಡಿದು ಬಂದ ಹೆಂಗಸು ಒಬ್ಬಳು, ಸೈನ್ಯದಿಂದ ಬಿಡುಗಡೆಯಾಗಿ ಬಂದವನೊಬ್ಬ, ಅವರ ಮಧ್ಯೆ ಆಗತಾನೇ ಹೈಸ್ಕೂಲು ಮುಗಿಸಿದ ಮಕ್ಕಳು. ಟೈಟ್ರೇಷನ್ ಮಾಡುವ ದಿನ ನೋಡಬೇಕು. ಬ್ಯುರೆಟ್ಟಿನ ತಿರುಪನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಫ್ಲಾಸ್ಕನ್ನು ತಿರುವುತ್ತಾ, ಹನಿ ಹನಿಯಾಗಿ ಬಿಡಬೇಕು. ಬಿದ್ದ ಜಾಗದಲ್ಲಿ ಗುಲಾಬಿ ಬಣ್ಣ ಮೂಡುತ್ತದೆ, ತಿರುವಿದರೆ ಮಾಯವಾಗುತ್ತದೆ. ಕೊನೆಗೆ ಒಂದು ಹನಿ ಬಿದ್ದಾಗ ತೀರಾ ತಿಳಿಯಾದ ಗುಲಾಬಿ ಹಾಗೇ ನಿಲ್ಲುತ್ತದೆ. ಅರ್ಧ ನಿಮಿಷ ನಿಂತರೆ ಲೆಕ್ಕ ಸರಿ. ಅವಸರಪಟ್ಟು ಒಂದು ಹನಿ ಜಾಸ್ತಿ ಬಿಟ್ಟರೆ ಫ್ಲಾಸ್ಕೆಲ್ಲ ಕಡುಗುಲಾಬಿ, ಮತ್ತೆ ಮೊದಲಿಂದ. ಔಷಧಿ ಅಂಗಡಿಯ ಹೆಂಗಸು ಎರಡು ಸಲ ಕಡುಗುಲಾಬಿ ಮಾಡಿಕೊಂಡಳು. ಮೂರನೇ ಸಲ ಪ್ರೊಫೆಸರ್ ಪಕ್ಕಕ್ಕೇ ಬಂದು ನಿಂತು, ಒಂದು ಹನಿಯನ್ನು ಅರ್ಧದಲ್ಲೇ ತಡೆದು ಫ್ಲಾಸ್ಕಿನ ಅಂಚಿಗೆ ಹಚ್ಚಿ ನೀರಿನಿಂದ ತೊಳೆದು ಇಳಿಸುವುದು ಹೇಗೆ ಅಂತ ಕೈ ಹಿಡಿದು ತೋರಿಸಿದರು. ದೊಡ್ಡ ಯೂನಿವರ್ಸಿಟಿಯಲ್ಲಿ ಮೊದಲ ವರ್ಷದ ಕೆಮಿಸ್ಟ್ರಿ ಕ್ಲಾಸಿಗೆ ನೂರಾರು ಜನ. ಲ್ಯಾಬು ನೋಡಿಕೊಳ್ಳುವವರು ಬಹಳಷ್ಟು ಕಡೆ ಪಿಎಚ್‌ಡಿ ಮಾಡುತ್ತಿರುವ ಹುಡುಗರು. ಇಲ್ಲಿ ಪಾಠ ಮಾಡಿದವರೇ ಲ್ಯಾಬಿನಲ್ಲೂ ಇರುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ. ಮುಂದೆ ಶಿಫಾರಸು ಪತ್ರ ಬರೆಯಬೇಕಾಗಿ ಬಂದಾಗ ಅವರಿಗೆ ಆ ಮಗುವಿನ ಬಗ್ಗೆ ಬರೆಯುವುದಕ್ಕೆ ನಿಜವಾಗಿ ಏನಾದರೂ ಇರುತ್ತದೆ.

ಇನ್ನೊಂದು ಅನುಕೂಲವನ್ನು ನಮ್ಮವರು ಗಮನಿಸುವುದೇ ಇಲ್ಲ. ಬಹಳಷ್ಟು ಕಮ್ಯುನಿಟಿ ಕಾಲೇಜುಗಳಲ್ಲಿ ಇಎಂಟಿ ಕೋರ್ಸ್ ಇದೆ, ಅಂದರೆ ಆಂಬ್ಯುಲೆನ್ಸಿನಲ್ಲಿ ಹೋಗಿ ಪ್ರಥಮ ಚಿಕಿತ್ಸೆ ಕೊಡುವವರ ತರಬೇತಿ. ಒಂದು ಸೆಮಿಸ್ಟರಿನದು. ಅದನ್ನು ಮಾಡಿ, ಪರೀಕ್ಷೆ ಪಾಸಾಗಿ, ಆಂಬ್ಯುಲೆನ್ಸಿನಲ್ಲಿ ಕೆಲಸಕ್ಕೆ ಸೇರಿದ ಹುಡುಗಿಗೆ ಕಾಯಿಲೆಯವರ ಮನೆ, ಅವರ ಭಯ, ವಾಸನೆ, ಅಳು ಎಲ್ಲ ಇಪ್ಪತ್ತರೊಳಗೇ ಗೊತ್ತಾಗುತ್ತದೆ. ಇದು ತನಗೆ ಬೇಕಾದ ಕೆಲಸವೋ ಅಲ್ಲವೋ ಅನ್ನುವುದೂ ಗೊತ್ತಾಗುತ್ತದೆ. ಮೆಡಿಕಲ್ ಸ್ಕೂಲಿನವರು ಅರ್ಜಿಯಲ್ಲಿ ಮುಖ್ಯವಾಗಿ ನೋಡುವುದರಲ್ಲಿ ಇದೂ ಒಂದು.

ಹೀಗೆ ಮಾತಾಡುತ್ತಿರುವಾಗ ಅವಳು ಕೇಳಿಯೇ ಕೇಳಿದಳು: "ಅಲ್ಲಿಂದ ಹೋಗಿ ನಿಜವಾಗ್ಲೂ ಡಾಕ್ಟರಾದವರು ಇದಾರಾ?"

ಇದ್ದಾರೆ. ಆಲ್ಫ್ರೆಡೊ ಕಿನ್ಯೋನಸ್-ಹಿನೊಹೊಸಾ ಅಂತ, ಡಾಕ್ಟರ್ ಕ್ಯೂ ಅಂತಲೇ ಎಲ್ಲರಿಗೂ ಪರಿಚಯ. ಮೆಕ್ಸಿಕೋದ ಗಡಿ ಊರು ಮೆಕ್ಸಿಕಾಲಿಯಿಂದ ಹತ್ತೊಂಬತ್ತರ ವಯಸ್ಸಿನಲ್ಲಿ ಬೇಲಿ ಹಾರಿ ಬಂದವರು. ಇಂಗ್ಲಿಷ್ ಬರುತ್ತಿರಲಿಲ್ಲ. ನಮ್ಮ ಈ ಬೇ ಏರಿಯಾದ ಬೆಟ್ಟ ದಾಟಿದರೆ ಸಿಗುವ ಸ್ಯಾನ್ ವಾಕೀನ್ ಕಣಿವೆಯಲ್ಲಿ ಹೊಲದ ಕೂಲಿ ಮಾಡಿದರು, ಆಮೇಲೆ ರೈಲಿನ ಟ್ಯಾಂಕರುಗಳಿಗೆ ವೆಲ್ಡಿಂಗ್. ಒಂದು ದಿನ ಟ್ಯಾಂಕರಿನೊಳಕ್ಕೇ ಬಿದ್ದು, ಅದರೊಳಗಿನ ಆವಿಗೆ ಪ್ರಜ್ಞೆ ತಪ್ಪಿ, ಸಾಯುವುದೊಂದು ಬಾಕಿ ಇತ್ತು. ಅದೇ ಕಾಲದಲ್ಲಿ ಸ್ಟಾಕ್ಟನ್ನಿನ ಸ್ಯಾನ್ ವಾಕೀನ್ ಡೆಲ್ಟಾ ಕಾಲೇಜಿನಲ್ಲಿ ಓದುತ್ತಿದ್ದರು. ಅದೂ ಒಂದು ಕಮ್ಯುನಿಟಿ ಕಾಲೇಜು. ಅಲ್ಲಿಂದ ಬರ್ಕ್ಲಿ, ಬರ್ಕ್ಲಿಯಿಂದ ಹಾರ್ವರ್ಡ್ ಮೆಡಿಕಲ್ ಸ್ಕೂಲು, 1999ರಲ್ಲಿ ಪದವಿ. ಮಿದುಳಿನ ಗೆಡ್ಡೆ ತೆಗೆಯುವ ಸರ್ಜನ್ ಆಗಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದರು, ಅಲ್ಲಿಂದ ಫ್ಲಾರಿಡಾದ ಮೇಯೋ ಕ್ಲಿನಿಕ್ಕಿಗೆ ಹೋದರು. ಇನ್ನೊಬ್ಬರು ರಿಚರ್ಡ್ ಕಾರ್ಮೋನಾ. ನ್ಯೂಯಾರ್ಕಿನಲ್ಲಿ ಹೈಸ್ಕೂಲು ಅರ್ಧಕ್ಕೇ ಬಿಟ್ಟು ಸೈನ್ಯಕ್ಕೆ ಹೋದವರು, ತಿರುಗಿ ಬಂದು ಬ್ರಾಂಕ್ಸ್ ಕಮ್ಯುನಿಟಿ ಕಾಲೇಜು ಸೇರಿದರು. 2002ರಿಂದ 2006ರವರೆಗೆ ಈ ದೇಶದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಸರ್ಕಾರದ ಮುಖ್ಯ ವೈದ್ಯ, ಆಗಿದ್ದರು.

"ಅವರೆಲ್ಲ ಅಸಾಮಾನ್ಯರು ಬಿಡಿ ಅಕ್ಕಾ," ಅಂದಳು.

ಮಾತು ನಿಜ. ಒಬ್ಬಿಬ್ಬರ ಕತೆ ಹೇಳಿ ಎಲ್ಲರಿಗೂ ಹಾಗೇ ಆಗುತ್ತದೆ ಅನ್ನುವುದು ಮೋಸ. ಅದಕ್ಕೇ ಲೆಕ್ಕವನ್ನೂ ಹೇಳಿದೆ. ಅಕಾಡೆಮಿಕ್ ಮೆಡಿಸಿನ್ ಪತ್ರಿಕೆಯಲ್ಲಿ 2014ರಲ್ಲಿ ಬಂದ ಅಧ್ಯಯನವೊಂದಿದೆ. 2012ರಲ್ಲಿ ಮೆಡಿಕಲ್ ಸ್ಕೂಲು ಸೇರಿದವರಲ್ಲಿ ನೂರಕ್ಕೆ 28 ಜನ ಯಾವುದಾದರೂ ಒಂದು ಹಂತದಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಓದಿದವರು. ಹೈಸ್ಕೂಲಿನಲ್ಲಿರುವಾಗಲೇ ಒಂದೆರಡು ಕ್ಲಾಸು ತೆಗೆದುಕೊಂಡವರೂ, ಡಿಗ್ರಿ ಆದಮೇಲೆ ಹೋದವರೂ ಅದರಲ್ಲಿ ಸೇರಿದ್ದಾರೆ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು, ಅದನ್ನು ಮುಚ್ಚಿಡಲಾರೆ: ಅಂಕ ಒಂದೇ ಇದ್ದರೂ, ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ ಎಂಕ್ಯಾಟಿನ ಸ್ಕೋರ್ ಒಂದೇ ಇದ್ದರೂ, ಹೈಸ್ಕೂಲಿನಿಂದ ನೇರ ಕಮ್ಯುನಿಟಿ ಕಾಲೇಜಿಗೆ ಬಂದು ಆಮೇಲೆ ಯೂನಿವರ್ಸಿಟಿಗೆ ಹೋದವರಿಗೆ ಸೀಟು ಸಿಗುವ ಸಾಧ್ಯತೆ ಕಡಿಮೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ವೈದ್ಯರು ಸಾಲದ ಕಡೆಯ ಜನರ ಮಧ್ಯೆ ಕೆಲಸ ಮಾಡುವ ಆಸೆ ಈ ದಾರಿಯಲ್ಲಿ ಬಂದವರಲ್ಲೇ ಹೆಚ್ಚು ಅಂತ ಗೊತ್ತಿದ್ದೂ ಹೀಗೆ. ಯುಸಿ ಡೇವಿಸ್ ಮೆಡಿಕಲ್ ಸ್ಕೂಲಿನವರು ಅವೆನ್ಯೂ ಎಂ ಅಂತ ಒಂದು ಕಾರ್ಯಕ್ರಮ ಮಾಡಿ, ಕಮ್ಯುನಿಟಿ ಕಾಲೇಜಿನಿಂದಲೇ ಮಕ್ಕಳನ್ನು ಗುರುತಿಸಿ ಕೈ ಹಿಡಿಯುತ್ತಿರುವುದು ಸಮಾಧಾನದ ಸಂಗತಿ. ಆದರೂ ಮಗಳು ಕಣ್ಣು ಬಿಟ್ಟುಕೊಂಡೇ ಹೋಗಬೇಕು.

ಯಾಕೆಂದರೆ ಇಲ್ಲಿ ಎಡವುವುದು ಪಾಠದಲ್ಲಲ್ಲ, ಲೆಕ್ಕಾಚಾರದಲ್ಲಿ. ಜನರಲ್ ಕೆಮಿಸ್ಟ್ರಿ ಎರಡು ಸೆಮಿಸ್ಟರ್ ಮುಗಿಸದೆ ಆರ್ಗಾನಿಕ್ ಕೆಮಿಸ್ಟ್ರಿಗೆ ಬಿಡುವುದಿಲ್ಲ, ಅದೂ ಎರಡು ಸೆಮಿಸ್ಟರ್. ಅಲ್ಲಿಗೆ ಎರಡು ವರ್ಷ ಆಗಿಹೋಯಿತು. ಮೊದಲ ಸೆಮಿಸ್ಟರಿನಲ್ಲಿ ಸೀಟು ತುಂಬಿಹೋಗಿ ಕೆಮಿಸ್ಟ್ರಿ ಸಿಗಲಿಲ್ಲ ಅನ್ನು, ಇಡೀ ಸರಪಳಿಯೇ ಹಿಂದಕ್ಕೆ ಜರುಗುತ್ತದೆ. ಹಾಗಾಗಿ ರಿಜಿಸ್ಟ್ರೇಷನ್ ತೆರೆಯುವ ದಿನ ಬೆಳಗ್ಗೆ ಕಂಪ್ಯೂಟರ್ ಮುಂದೆ ಕೂತಿರಬೇಕು, ಸಿಗದಿದ್ದರೆ ವೇಟ್‌ಲಿಸ್ಟಿಗೆ ಹೆಸರು ಹಾಕಿ ಮೊದಲ ದಿನವೇ ಕ್ಲಾಸಿನಲ್ಲಿ ಹಾಜರಿರಬೇಕು.

ಆಮೇಲೆ ಅಸಿಸ್ಟ್ ಅನ್ನುವ ರಾಜ್ಯದ ವೆಬ್‌ಸೈಟು. ಅದನ್ನು ನಾನು ಫೋನಿನಲ್ಲೇ ತೆಗೆದು ಬೇಲಿಯ ಮೇಲಿಂದ ತೋರಿಸಿದೆ. ಎಡಗಡೆ ಯೂನಿವರ್ಸಿಟಿಯ ಕೋರ್ಸು, ಬಲಗಡೆ ಅದಕ್ಕೆ ಸಮನಾದ ನಮ್ಮ ಕಾಲೇಜಿನ ಕೋರ್ಸು, ಮಧ್ಯೆ ಒಂದು ಬಾಣದ ಗುರುತು. ಕೆಲವು ಕಡೆ ಬಲಗಡೆ ಖಾಲಿ, ಇದಕ್ಕೆ ಸಮನಾದದ್ದು ಇಲ್ಲ ಅಂತ ಬರೆದಿರುತ್ತದೆ. ಯುಸಿ ಡೇವಿಸ್ ಒಂದು ಕೇಳಿದರೆ ಯುಸಿ ಸ್ಯಾನ್ ಡಿಯಾಗೋ ಇನ್ನೊಂದು ಕೇಳುತ್ತದೆ. ಎಲ್ಲಿಗೆ ಹೋಗಬೇಕು ಅಂತ ಆಸೆಯಿದೆಯೋ ಆ ಮೂರ್ನಾಲ್ಕು ಕಡೆಯ ಹಾಳೆಗಳನ್ನು ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟುಕೊಳ್ಳಬೇಕು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್, ಯುಸಿಯ ಈ ಆರು ಕ್ಯಾಂಪಸ್ಸುಗಳು, ಹೇಳಿದ ಅಂಕ, ಹೇಳಿದ ಕೋರ್ಸು ಪೂರೈಸಿದರೆ ಸೀಟು ಖಾತ್ರಿ ಅಂತ ಮೊದಲೇ ಮಾತು ಕೊಡುತ್ತವೆ, ಕೆಲವು ಮೇಜರ್‌ಗಳನ್ನು ಬಿಟ್ಟು. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಆ ಮಾತು ಕೊಡುವುದಿಲ್ಲ. ಎಲ್ಲ ವಿಜ್ಞಾನವನ್ನೂ ಇಲ್ಲೇ ಮುಗಿಸಿಬಿಡುವುದೂ ಜಾಣತನವಲ್ಲ. ಬಯೋಕೆಮಿಸ್ಟ್ರಿ, ಮೇಲಿನ ಮಟ್ಟದ ಬಯಾಲಜಿ ಯೂನಿವರ್ಸಿಟಿಯಲ್ಲಿ ಓದಿ, ಅಲ್ಲೂ ಅಷ್ಟೇ ಚೆನ್ನಾಗಿ ಅಂಕ ತೆಗೆದರೆ ಮೊದಲಿನ ಅಂಕಗಳಿಗೆ ಬೆಲೆ ಬರುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದನ್ನು ನಾನು ಎರಡು ಸಲ ಹೇಳಿದೆ. ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವಾಗ, ಹೈಸ್ಕೂಲು ಮುಗಿದ ಮೇಲೆ ಕಾಲಿಟ್ಟ ಪ್ರತಿಯೊಂದು ಕಾಲೇಜಿನ ಅಂಕಪಟ್ಟಿಯನ್ನೂ ಕಳಿಸಬೇಕು. ಹೈಸ್ಕೂಲಿನಲ್ಲಿರುವಾಗ ತೆಗೆದುಕೊಂಡ ಕಾಲೇಜು ಕೋರ್ಸೂ ಬಿಡುವುದಿಲ್ಲ. ಡಿ ಬಂದ ಕೋರ್ಸನ್ನು ಇನ್ನೊಮ್ಮೆ ತೆಗೆದುಕೊಂಡು ಎ ಮಾಡಿದೆ ಅಂದರೆ ಕಾಲೇಜಿನವರು ಹಳೆಯದನ್ನು ಬಿಟ್ಟು ಲೆಕ್ಕ ಹಾಕಬಹುದು. ಮೆಡಿಕಲ್ ಅರ್ಜಿಯಲ್ಲಿ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕುತ್ತಾರೆ, ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತದ್ದು ಬೇರೆಯಾಗಿ ಇನ್ನೊಂದು ಲೆಕ್ಕ. ಇದು ಸುಲಭದ ಕಾಲೇಜು, ಆಮೇಲೆ ನೋಡಿಕೊಳ್ಳೋಣ ಅಂತ ಮೊದಲ ಸೆಮಿಸ್ಟರ್ ಕಳೆದವರು ನಾಲ್ಕು ವರ್ಷ ಕಳೆದ ಮೇಲೆ ಅದೇ ಸೆಮಿಸ್ಟರಿಗೆ ಉತ್ತರ ಕೊಡಬೇಕಾಗಿ ಬಂದದ್ದನ್ನು ನೋಡಿದ್ದೇನೆ. ಕ್ಲಾಸು ಕೈಮೀರುತ್ತಿದೆ ಅನ್ನಿಸಿದರೆ ಗಡುವಿನೊಳಗೆ ಬಿಟ್ಟುಬಿಡಲಿ. ಅಂಕಪಟ್ಟಿಯಲ್ಲಿ ಕೋರ್ಸ್ ಬಿಟ್ಟದ್ದಕ್ಕೆ ಹಾಕುವ ಒಂದು ಡಬ್ಲ್ಯೂ ಬಿದ್ದರೆ ಪರವಾಗಿಲ್ಲ, ಡಿ ಬೀಳಬಾರದು. ಮನೆಯಲ್ಲಿ ಬೈಯುತ್ತಾರೆ ಅಂತ ಬಚ್ಚಿಟ್ಟುಕೊಂಡು ಕೊನೆಯವರೆಗೆ ಎಳೆದಾಡುವ ಮಕ್ಕಳೇ ಹೆಚ್ಚು. ನಾಚಿಕೆಯನ್ನು ಮನೆಯಲ್ಲಿ ನಾವೇ ಶುರುಮಾಡಿಟ್ಟರೆ ಮಗು ಕಷ್ಟ ಬಂದಾಗ ನಮ್ಮ ಹತ್ತಿರ ಯಾಕೆ ಬರುತ್ತದೆ? ಯುಗಾದಿಗೆ ಬರದೆ ಮನೆಯಲ್ಲಿ ಕೂತ ಅಮ್ಮನನ್ನು ಆ ಹುಡುಗಿ ನೋಡಿಲ್ಲವೇ?

ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಮ್ಮವರಲ್ಲಿ ಕೆಲವರಿಗೆ ಇನ್ನೊಂದು ಕಷ್ಟವಿದೆ. ಗ್ರೀನ್ ಕಾರ್ಡಿಗೆ ಕಾಯುತ್ತಿರುವವರ ಮಕ್ಕಳು ಎಚ್-4 ವೀಸಾದಲ್ಲಿರುತ್ತಾರೆ, ಇಪ್ಪತ್ತೊಂದು ತುಂಬಿದರೆ ಅದು ಮುಗಿಯುತ್ತದೆ. ವಿದ್ಯಾರ್ಥಿ ವೀಸಾಗೆ ಬದಲಾಯಿಸಿಕೊಂಡರೂ, ಗ್ರೀನ್ ಕಾರ್ಡ್ ಇಲ್ಲದವರನ್ನು ತೆಗೆದುಕೊಳ್ಳದ ಮೆಡಿಕಲ್ ಸ್ಕೂಲುಗಳು ಬಹಳ. ಅಂಥ ಮನೆಯವರು ಕಾಲೇಜು ಯಾವುದು ಅನ್ನುವ ಮೊದಲು ವಕೀಲರ ಹತ್ತಿರ ಕೂತು ವರ್ಷಗಳ ಲೆಕ್ಕ ಹಾಕಬೇಕು. ಪಕ್ಕದ ಮನೆಯ ಹುಡುಗಿ ಇಲ್ಲೇ ಹುಟ್ಟಿದವಳು, ಆ ಚಿಂತೆ ಅವಳಿಗಿಲ್ಲ.

ಅಷ್ಟರಲ್ಲಿ ಹುಡುಗಿಯೇ ಹೊರಗೆ ಬಂದಳು. ಅಮ್ಮನ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡಿ, ತನ್ನ ವಿಷಯವೇ ನಡೆಯುತ್ತಿದೆ ಅಂತ ಗೊತ್ತಾಗಿ, ನೇರವಾಗಿ ಕೇಳಿದಳು: "ಆಂಟಿ, ನಂಗೆ ಎಪಿ ಕೆಮಿಸ್ಟ್ರಿಲಿ ಐದು ಬಂದಿದೆ. ಜನರಲ್ ಕೆಮಿಸ್ಟ್ರಿ ಬಿಟ್ಟು ಸೀದಾ ಆರ್ಗಾನಿಕ್ ತಗೋಬಹುದಾ? ಒಂದು ವರ್ಷ ಉಳಿಯುತ್ತೆ."

ಎಪಿ ಅಂದರೆ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ, ಐದು ಅದರಲ್ಲಿ ಅತಿ ಹೆಚ್ಚಿನ ಅಂಕ. ಒಳ್ಳೆಯ ಪ್ರಶ್ನೆ. ಕಾಲೇಜು ಒಪ್ಪಬಹುದು, ಯೂನಿವರ್ಸಿಟಿಯೂ ಒಪ್ಪಬಹುದು. ಆದರೆ ಎಪಿ ಅಂಕವನ್ನು ಲ್ಯಾಬ್ ಸಹಿತದ ಕೋರ್ಸಿನ ಬದಲಿಗೆ ಒಪ್ಪದ ಮೆಡಿಕಲ್ ಸ್ಕೂಲುಗಳಿವೆ, ಒಪ್ಪಿದರೂ ಅದಕ್ಕಿಂತ ಮೇಲಿನದೊಂದು ಕೆಮಿಸ್ಟ್ರಿ ಕೇಳುವವಿವೆ. ಒಂದೊಂದು ಸ್ಕೂಲಿನದು ಒಂದೊಂದು ನಿಯಮ. ನನ್ನ ಕೇಳಿದರೆ ಜನರಲ್ ಕೆಮಿಸ್ಟ್ರಿಯನ್ನು ಲ್ಯಾಬ್ ಸಮೇತ ತೆಗೆದುಕೋ, ಗೊತ್ತಿರುವ ವಿಷಯದಲ್ಲಿ ಒಂದು ಗಟ್ಟಿ ಎ ಬರಲಿ, ಹೊಸ ಕಾಲೇಜಿನ ರೀತಿನೀತಿಯೂ ಅಭ್ಯಾಸವಾಗಲಿ ಅಂದೆ. ಜೊತೆಗೆ ಬಯಾಲಜಿಯನ್ನೂ ಅದೇ ಸೆಮಿಸ್ಟರಿಗೆ ತುರುಕಬೇಡ, ಎರಡು ಲ್ಯಾಬು ಒಟ್ಟಿಗೆ ಮೊದಲನೇ ಸಲಕ್ಕೆ ಭಾರ. ಗಣಿತ, ಇಂಗ್ಲಿಷು, ಬೇಕಿದ್ದರೆ ಸೈಕಾಲಜಿ ಇಟ್ಟುಕೋ, ಎಂಕ್ಯಾಟಿನ ನಾಲ್ಕು ಭಾಗಗಳಲ್ಲಿ ಒಂದರಲ್ಲಿ ಹೆಚ್ಚಿನ ಪಾಲು ಅದೇ ಇದೆ.

"ಕೌನ್ಸೆಲರ್ ಅಪಾಯಿಂಟ್‌ಮೆಂಟ್ ಮಂಗಳವಾರ ಇದೆ," ಅಂದಳು.

"ಎಪಿ ಸ್ಕೋರಿನ ಕಾಗದ, ಹೈಸ್ಕೂಲ್ ಅಂಕಪಟ್ಟಿ, ಅಸಿಸ್ಟ್‌ನಿಂದ ಡೇವಿಸ್‌ದು, ಬರ್ಕ್ಲಿದು ಹಾಳೆ, ಇಷ್ಟನ್ನೂ ಪ್ರಿಂಟ್ ತೆಗೆದು ತಗೊಂಡು ಹೋಗು. ಅವರು ಬರೆದುಕೊಡೋ ಪ್ಲ್ಯಾನಿಗೆ ತಾರೀಖು, ಸಹಿ ಹಾಕಿಸಿಕೋ. ಮುಂದಿನ ಸಲ ಬೇರೆ ಕೌನ್ಸೆಲರ್ ಇದ್ದರೂ ತೋರಿಸೋಕೆ ಬರುತ್ತೆ."

ಅವಳಮ್ಮ ಸೆರಗಿಗೆ ಕೈ ಒರೆಸಿಕೊಂಡು, "ನಾನೂ ಹೋಗ್ಲಾ ಅವಳ ಜೊತೆ?" ಅಂತ ನನ್ನನ್ನು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಹುಡುಗಿ, "ಬಾ ಅಮ್ಮ, ಒಂಬತ್ತೂವರೆಗೆ. ಪಾರ್ಕಿಂಗ್‌ಗೆ ದುಡ್ಡು ಕಟ್ಟಬೇಕು, ಅರ್ಧ ಗಂಟೆ ಮುಂಚೆ ಹೊರಡೋಣ," ಅಂದಳು.